ಬ್ಲೂಬೆರಿ ಬೆಳೆಸುವ ಸಾವಯವ ಕಿಟ್: ಮಣ್ಣು ಮೆಚ್ಚುವಂತಿದೆ, ಕೈಪಿಡಿಯನ್ನು ತಿದ್ದಬೇಕಿದೆ

ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳಿಲ್ಲದೆ ಮನೆಯಂಗಳದಲ್ಲಿ ಬ್ಲೂಬೆರಿ ಬೆಳೆಸಲು ಬಯಸುವವರಿಗಾಗಿ ಸಿದ್ಧಪಡಿಸಿದ ಕಿಟ್ ಒಂದನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದರಲ್ಲಿ ಎರಡು ಸಸಿಗಳು, ಕುಂಡಕ್ಕೆ ತುಂಬುವ ಮಿಶ್ರಣ, ಗಂಧಕದ ಹರಳುಗಳು, ಹತ್ತಿಬೀಜದ ಹಿಂಡಿಯಿಂದ ತಯಾರಿಸಿದ ಗೊಬ್ಬರ, ಮಣ್ಣಿನ ರಸಸಾರವನ್ನು, ಅಂದರೆ ಪಿಎಚ್ ಅನ್ನು, ಅಳೆಯುವ ಕಾಗದದ ಪಟ್ಟಿಗಳು ಹಾಗೂ ಒಂದು ಕೈಪಿಡಿ ಇವೆ.

ಮೊದಲು ಮಿಶ್ರಣದ ಬಗ್ಗೆ ಹೇಳಬೇಕು, ಏಕೆಂದರೆ ಬ್ಲೂಬೆರಿಯ ಅಳಿವು ಉಳಿವು ನಿರ್ಧಾರವಾಗುವುದು ಅಲ್ಲಿಯೇ. ಈ ಗಿಡ ಹುಳಿ ಮಣ್ಣನ್ನು ಬಿಟ್ಟು ಬೇರೆಲ್ಲೂ ಏಳಿಗೆಯಾಗುವುದಿಲ್ಲವೆಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಅದುವರೆಗೆ ಕಾಡಿನಿಂದ ಕಿತ್ತು ತಂದು ಫಲವತ್ತಾದ ತೋಟದ ಮಣ್ಣಿನಲ್ಲಿ ನೆಟ್ಟ ಗಿಡಗಳು ಸೊರಗುತ್ತಿದ್ದುದಕ್ಕೆ ಕಾರಣವೇ ತಿಳಿದಿರಲಿಲ್ಲ. ರಸಸಾರದ ಅಂಕಿ ಕಡಿಮೆಯಾದಷ್ಟೂ ಮಣ್ಣು ಹೆಚ್ಚು ಹುಳಿ, ಬ್ಲೂಬೆರಿಗೆ ಅದು 4.5ರಿಂದ 5.5ರೊಳಗೆ ಇರಬೇಕು. ಅದಕ್ಕಿಂತ ಮೇಲೇರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವ ರೂಪದಲ್ಲಿ ಉಳಿಯುವುದಿಲ್ಲ, ಎಳೆಯ ಎಲೆಗಳ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ. ಈ ಕಿಟ್‌ನ ಮಿಶ್ರಣದಲ್ಲಿ ಪೀಟ್ ಪಾಚಿಯೂ, ಅಂದರೆ ಜೌಗು ನೆಲದಲ್ಲಿ ಅರೆಕೊಳೆತು ಪದರಗಟ್ಟಿದ ಪಾಚಿಯೂ, ಪೈನ್ ತೊಗಟೆಯ ಚೂರುಗಳೂ ಸೇರಿವೆ. ಪೀಟ್ ಸ್ವಭಾವತಃ ಹುಳಿ, ತೊಗಟೆಯಿಂದ ಗಾಳಿಯಾಟ ಸಿಗುತ್ತದೆ. ಬ್ಲೂಬೆರಿಯ ಬೇರುಗಳು ದಾರದೆಳೆಗಿಂತ ತೆಳ್ಳಗಿದ್ದು ಮೇಲ್ಪದರದಲ್ಲೇ ಹರಡುತ್ತವೆ, ಬೇರೆ ಗಿಡಗಳಿಗಿರುವಂತಹ ಬೇರುಗೂದಲು ಅವಕ್ಕಿಲ್ಲ. ಹೀಗಾಗಿ ಬಿಗಿಯಾದ ಜೇಡಿಯಲ್ಲಿ ಅವು ಉಸಿರುಗಟ್ಟುತ್ತವೆ, ಸ್ವಲ್ಪ ಒಣಗಿದರೂ ಬಾಡುತ್ತವೆ. ಎರಡೂ ಅಪಾಯಗಳನ್ನು ಒಟ್ಟಿಗೆ ತಪ್ಪಿಸುವಂತೆ ರೂಪಿಸಿರುವ ಈ ಮಿಶ್ರಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಜೌಗು ನೆಲದಲ್ಲಿ ಪೀಟ್ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ ಎಂಬುದನ್ನು ನೆನೆದರೆ, ಸಾವಯವವೆಂದು ಹೇಳಿಕೊಳ್ಳುವ ತಯಾರಕರು ತೊಗಟೆಯ ಪಾಲನ್ನು ಹೆಚ್ಚಿಸಿ ಪೀಟ್‌ನ ಪಾಲನ್ನು ತಗ್ಗಿಸುವುದು ಒಳ್ಳೆಯದು.

ಗೊಬ್ಬರದ ಆಯ್ಕೆಯೂ ಸರಿಯಾಗಿದೆ. ಬ್ಲೂಬೆರಿ ಸಾರಜನಕವನ್ನು ನೈಟ್ರೇಟ್ ರೂಪಕ್ಕಿಂತ ಅಮೋನಿಯಂ ರೂಪದಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ, ಹತ್ತಿಬೀಜದ ಹಿಂಡಿ ನಿಧಾನವಾಗಿ ಕೊಳೆಯುತ್ತ ಅದನ್ನೇ ಒದಗಿಸುತ್ತದೆ, ಜೊತೆಗೆ ಮಣ್ಣಿನ ಹುಳಿಯನ್ನೂ ಕಾಪಾಡುತ್ತದೆ. ಗಂಧಕವೂ ಸಾವಯವ ಕೃಷಿಗೆ ಒಪ್ಪಿತವಾದದ್ದೇ. ಆದರೆ ಹಾಕಿದ ವಾರದಲ್ಲೇ ಅದರ ಫಲ ಕಾಣಬಹುದೆಂಬಂತೆ ಕೈಪಿಡಿ ಹೇಳುವುದು ಸರಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ಆಮ್ಲವಾಗಿ ಮಾರ್ಪಡಿಸಬೇಕು, ಅದಕ್ಕೆ ತೇವ, ಬೆಚ್ಚಗಿನ ವಾತಾವರಣ ಮತ್ತು ತಿಂಗಳುಗಟ್ಟಲೆ ಕಾಲ ಬೇಕು. ಅವಸರಪಟ್ಟು ಮತ್ತೆ ಮತ್ತೆ ಸುರಿದರೆ ಮಣ್ಣು ವಿಪರೀತ ಹುಳಿಯಾಗಿ ಬೇರುಗಳಿಗೇ ಹಾನಿಯಾಗುತ್ತದೆ.

ಕೈಪಿಡಿಯ ದೊಡ್ಡ ಲೋಪ ನೀರಿನ ವಿಷಯದಲ್ಲಿದೆ. ಎಷ್ಟು ನೀರು ಹಾಕಬೇಕೆಂದು ಬರೆದಿದ್ದಾರೆಯೇ ಹೊರತು ಎಂಥ ನೀರು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಪ್ರತಿ ಸಲ ಹಾಕಿದಾಗಲೂ ಮಣ್ಣಿನ ಹುಳಿಯನ್ನು ಒಂದಿಷ್ಟು ತಗ್ಗಿಸುತ್ತಲೇ ಹೋಗುವುದರಿಂದ, ಎಷ್ಟೇ ಒಳ್ಳೆಯ ಮಿಶ್ರಣದಲ್ಲಿ ನೆಟ್ಟಿದ್ದರೂ ಕಾಲಕ್ರಮದಲ್ಲಿ ಎಲೆ ಹಳದಿಯಾಗತೊಡಗುತ್ತದೆ. ಆಗ ಕೊಂಡವರು ಸಸಿಯನ್ನೋ ಗೊಬ್ಬರವನ್ನೋ ದೂರುತ್ತಾರೆ. ಮಳೆನೀರನ್ನು ಹಿಡಿದಿಟ್ಟುಕೊಂಡು ಹಾಕುವುದೇ ಇದಕ್ಕೆ ಸುಲಭವಾದ ಪರಿಹಾರ. ಬಳಸಿದ ಕಾಫಿ ಚರಟದಿಂದ ಮಣ್ಣು ಹುಳಿಯಾಗುತ್ತದೆಂಬ ಸಲಹೆಯನ್ನೂ ತೆಗೆದುಹಾಕಬೇಕು. ಡಿಕಾಕ್ಷನ್ ಇಳಿಸಿದ ಮೇಲೆ ಚರಟದಲ್ಲಿ ಹೇಳಿಕೊಳ್ಳುವಷ್ಟು ಹುಳಿ ಉಳಿದಿರುವುದಿಲ್ಲ. ಬೂದಿ ಮತ್ತು ಸುಣ್ಣವನ್ನು ಈ ಗಿಡದ ಬಳಿಗೆ ತರಬಾರದೆಂಬ ಎಚ್ಚರಿಕೆ ಇರಬೇಕಾಗಿತ್ತು, ಅದು ಇಲ್ಲ. ಬುಡಕ್ಕೆ ಐದರಿಂದ ಹತ್ತು ಸೆಂಟಿಮೀಟರ್ ದಪ್ಪ ತೊಗಟೆ ಅಥವಾ ಮರದ ಹೊಟ್ಟಿನ ಹೊದಿಕೆ ಹಾಕಬೇಕೆಂಬ ಸೂಚನೆ ಮಾತ್ರ ಚೆನ್ನಾಗಿದೆ.

ಕಾಗದದ ಪಟ್ಟಿಗಳಿಂದ ಪ್ರಯೋಜನ ಕಡಿಮೆ. ಅವುಗಳ ಬಣ್ಣದಿಂದ 5 ಮತ್ತು 6ರ ನಡುವಿನ ವ್ಯತ್ಯಾಸವನ್ನು ಖಚಿತವಾಗಿ ಹೇಳುವುದು ಕಷ್ಟ, ಆದರೆ ಆಮ್ಲೀಯತೆಯಲ್ಲಿ ಆ ಒಂದು ಅಂಕಿಯ ಅಂತರವೆಂದರೆ ಹತ್ತು ಪಟ್ಟು, ಬ್ಲೂಬೆರಿಗೆ ಅದೇ ನಿರ್ಣಾಯಕ.

ಸಸಿಗಳು ಆರೋಗ್ಯವಾಗಿದ್ದವು, ಬೇರುಗಳು ಸುತ್ತಿಕೊಂಡಿರಲಿಲ್ಲ. ಆದರೆ ಚೀಟಿಯ ಮೇಲೆ ಬ್ಲೂಬೆರಿ ಎಂದಷ್ಟೇ ಬರೆದು ತಳಿಯ ಹೆಸರನ್ನು ಬಿಟ್ಟಿರುವುದನ್ನು ಒಪ್ಪಲಾಗದು. ಈ ಗಿಡಕ್ಕೆ ಹೂ ಬಿಡಲು ಚಳಿ ಬೇಕು. ಹೈಬುಷ್ ಎಂಬುದು ಎತ್ತರದ ಪೊದೆಯಾಗಿ ಬೆಳೆಯುವ ಬ್ಲೂಬೆರಿ ಗುಂಪು. ಅದರಲ್ಲಿ ಉತ್ತರದ ಹೈಬುಷ್ ತಳಿಗಳಿಗೆ ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಸುಮಾರು 800ರಿಂದ 1,000 ಗಂಟೆಗಳಷ್ಟು ಚಳಿ ಬೇಕಾದರೆ, ದಕ್ಷಿಣದ ಹೈಬುಷ್ ತಳಿಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ತಳಿ ತಿಳಿಯದೆ ಬೆಚ್ಚಗಿನ ಊರಿನವರು ಉತ್ತರದ ತಳಿಯನ್ನು ನೆಟ್ಟರೆ ಎಲೆ ಬಿಡುವ ಗಿಡ ಸಿಗಬಹುದು, ಹಣ್ಣು ಸಿಗಲಾರದು. ರ್‍ಯಾಬಿಟ್‌ಐ ಎಂಬ ಇನ್ನೊಂದು ಬ್ಲೂಬೆರಿ ಗುಂಪಿನ ಗಿಡವಾದರಂತೂ ಪರಾಗಕ್ಕಾಗಿ ಪಕ್ಕದಲ್ಲಿ ಅದೇ ಗುಂಪಿನ ಬೇರೆ ತಳಿಯೊಂದು ಇರಲೇಬೇಕು. ಕಿಟ್‌ನ ಎರಡು ಸಸಿಗಳು ಒಂದೇ ತಳಿಯವೋ ಬೇರೆಯವೋ ಎಂಬುದು ಚೀಟಿಯಿಂದ ತಿಳಿಯುವುದಿಲ್ಲ.

ತಯಾರಕರು ಮಿಶ್ರಣವನ್ನೂ ಗೊಬ್ಬರವನ್ನೂ ಬಿಡಿಯಾಗಿಯೂ ಮಾರುತ್ತಾರೆ. ಸದ್ಯಕ್ಕೆ ಅವೆರಡನ್ನು ಮಾತ್ರ ಕೊಂಡು, ಸಸಿಯನ್ನು ತಳಿಯ ಹೆಸರು ಬರೆದುಕೊಡುವ ನರ್ಸರಿಯಿಂದಲೇ ತರುವುದು ಮತ್ತು ಪಟ್ಟಿಗಳ ಬದಲು ರಸಸಾರದ ಮೀಟರ್ ಇಟ್ಟುಕೊಳ್ಳುವುದು ಉತ್ತಮವೆಂದು ನನ್ನ ಸಲಹೆ.