ಯುಆರ್ ರೋಬೋಟಿಗೆ ಟರ್ಮಿನಲ್ ಸಾಲದಾದಾಗ: ವಾಗೋ 750-352 ಕಪ್ಲರ್ ಹೇಗಿದೆ?

ಪುಣೆಯ ಭೋಸರಿ, ಚಾಕಣ ಕಡೆಯ ಮಷಿನ್ ಶಾಪ್‌ಗಳಲ್ಲಿ ಸಿಎನ್‌ಸಿಗೆ ಜಾಬ್ ಹಾಕಿ ತೆಗೆಯುವ ಕೆಲಸಕ್ಕೆ ಯುನಿವರ್ಸಲ್ ರೋಬೋಟ್ಸ್ (ಯುಆರ್) ಕಂಪನಿಯ ಯುಆರ್5ಇ, ಯುಆರ್10ಇ ರೋಬೋಟ್ ತೋಳುಗಳಿವೆ. ಇವುಗಳ ಕಂಟ್ರೋಲರಿನಲ್ಲಿ ಡಿಜಿಟಲ್ ಇನ್‌ಪುಟ್ 16, ಔಟ್‌ಪುಟ್ 16. ಎರಡರಲ್ಲೂ ಎಂಟೆಂಟು ಟರ್ಮಿನಲ್‌ಗಳನ್ನು ಬೇಕೆಂದರೆ ಸುರಕ್ಷತೆಗೆ ಮೀಸಲಿಡಬಹುದು. ಒಂದು ಯಂತ್ರಕ್ಕೆ ಇಷ್ಟು ಧಾರಾಳ. ಎರಡು ಯಂತ್ರ, ಎರಡು ಗ್ರಿಪ್ಪರ್, ಬಾಗಿಲು, ಚಕ್, ಏರ್ ಬ್ಲೋ, ಟವರ್ ಲ್ಯಾಂಪ್ ಸೇರಿದರೆ ಟರ್ಮಿನಲ್ ಮುಗಿದೇ ಹೋಗುತ್ತದೆ. ಆಗ ಕೈಗೆ ಬರುವ ಒಳ್ಳೆಯ ದಾರಿ ಮಾಡ್‌ಬಸ್ ಟಿಸಿಪಿ (ಈಥರ್ನೆಟ್ ಕೇಬಲ್ ಮೇಲೆ ಸಿಗ್ನಲ್ ಕಳಿಸುವ ಪದ್ಧತಿ) ಮೂಲಕ ಹೊರಗಿನ ಐಓ, ಅಂದರೆ ಇನ್‌ಪುಟ್-ಔಟ್‌ಪುಟ್, ಜೋಡಿಸುವುದು. ಈ ಕೆಲಸಕ್ಕೆ ವಾಗೋ 750-352 ಕಪ್ಲರನ್ನು, ಅಂದರೆ ಐಓ ಕಾರ್ಡ್‌ಗಳನ್ನು ನೆಟ್‌ವರ್ಕಿಗೆ ಸೇರಿಸುವ ಘಟಕವನ್ನು, ಧೈರ್ಯವಾಗಿ ಕೊಳ್ಳಬಹುದು. ಆದರೆ ಯಾವ ಸಿಗ್ನಲ್ ಅದರ ಮೇಲೆ ಹೋಗಬೇಕು, ಯಾವುದು ಹೋಗಲೇಬಾರದು ಎಂಬುದನ್ನು ವೈರ್ ಕತ್ತರಿಸುವ ಮೊದಲೇ ತೀರ್ಮಾನಿಸಿಕೊಳ್ಳಿ.

ಬೇಕಾದ ಸಾಮಾನು ಇಷ್ಟು: ಕಪ್ಲರ್ ಒಂದು, 750-430 ಇನ್‌ಪುಟ್ ಕಾರ್ಡ್ ಎರಡು, 750-530 ಔಟ್‌ಪುಟ್ ಕಾರ್ಡ್ ಎರಡು, ಕೊನೆಗೆ 750-600 ಎಂಡ್ ಮಾಡ್ಯೂಲ್. ಕಾರ್ಡಿಗೆ ಎಂಟು ಚಾನೆಲ್, ಹಾಗಾಗಿ ಒಟ್ಟು 16 ಇನ್‌ಪುಟ್, 16 ಔಟ್‌ಪುಟ್ ಹೆಚ್ಚುವರಿ ಸಿಗುತ್ತದೆ. ಇದರ ಜೊತೆ 24 ವೋಲ್ಟ್, 5 ಆಂಪಿಯರಿನ ಪ್ರತ್ಯೇಕ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿ. ರೋಬೋಟಿನ ಒಳಗಿನ 24 ವೋಲ್ಟ್ ಸಪ್ಲೈ ಕೊಡುವುದು 2 ಆಂಪಿಯರ್ ಮಾತ್ರ. ಸೊಲೆನಾಯ್ಡ್ ವಾಲ್ವ್‌ಗಳನ್ನೆಲ್ಲ ಅದರ ಮೇಲೆಯೇ ಹೊರಿಸಿದರೆ ಯಾವಾಗಲೋ ಎಲ್ಲ ಒಟ್ಟಿಗೆ ಆನ್ ಆದ ಹೊತ್ತಿನಲ್ಲಿ ಕೈಕೊಡುತ್ತದೆ.

ವೈರಿಂಗಿನಲ್ಲಿ ಈ ಸರಣಿ ನಿಜಕ್ಕೂ ಚೆಂದ. ಸ್ಕ್ರೂ ಇಲ್ಲ, ಸ್ಪ್ರಿಂಗ್ ಕ್ಲ್ಯಾಂಪ್. ವೈರನ್ನು 8ರಿಂದ 9 ಮಿ.ಮೀ. ಸುಲಿದು, ಸ್ಕ್ರೂಡ್ರೈವರಿನಿಂದ ಕ್ಲ್ಯಾಂಪ್ ತೆರೆದು ಒಳಗೆ ಹಾಕಿದರೆ ಸಾಕು. ಯಂತ್ರದ ಕಂಪನಕ್ಕೆ ಸಡಿಲವಾಗುವ ಭಯವಿಲ್ಲ. ಅಗ್ಗದ ರಿಲೇ ಬೋರ್ಡ್‌ಗಳೂ ಮಾಡ್‌ಬಸ್ ಮಾತಾಡುತ್ತವೆ, ಕಲಿಯುವ ಕಿಟ್‌ಗೆ ಅವು ಸಾಕು; ಮೂರು ಶಿಫ್ಟ್ ಓಡುವ ಸೆಲ್‌ಗೆ ಬೇಡ.

ಹುಡುಗರು ಫೋನ್ ಮಾಡಿ "ಅಣ್ಣಾ, ಸ್ಕ್ರೀನಿನ್ಯಾಗ ಆನ್ ತೋರಸ್ತದ, ವಾಲ್ವ್ ಮಾತ್ರ ಎಳೀವಲ್ದು" ಎಂದರೆ ಮೊದಲು ನೋಡಬೇಕಾದದ್ದು ಕಪ್ಲರಿನ ಫೀಲ್ಡ್ ಸಪ್ಲೈ. ಇದರಲ್ಲಿ ಎರಡು ಸಪ್ಲೈ ಬೇರೆ ಬೇರೆ: ಕಪ್ಲರಿನ ಎಲೆಕ್ಟ್ರಾನಿಕ್ಸಿಗೆ ಒಂದು, ಕಾರ್ಡ್‌ಗಳ ಪಕ್ಕದ ಪವರ್ ಜಂಪರ್ ಮೂಲಕ ಹಾದುಹೋಗುವ ಫೀಲ್ಡ್ ಸಪ್ಲೈ ಇನ್ನೊಂದು. ಮೊದಲನೆಯದನ್ನು ಮಾತ್ರ ಕೊಟ್ಟರೆ ನೆಟ್‌ವರ್ಕ್ ಸರಿಯಾಗಿರುತ್ತದೆ, ಔಟ್‌ಪುಟ್ಟಿನಲ್ಲಿ ವೋಲ್ಟೇಜ್ ಇರುವುದಿಲ್ಲ. ಎರಡೂ ಸಪ್ಲೈಗೆ ಬೇರೆ ಬೇರೆ ಫ್ಯೂಸ್ ಹಾಕಿ. ವಾಲ್ವ್ ಕಾಯಿಲ್ ಸುಟ್ಟು ಫೀಲ್ಡ್ ಫ್ಯೂಸ್ ಹೋದರೂ ಕಪ್ಲರ್ ಬದುಕಿರಬೇಕು.

ಪ್ರತಿ ಡಿಸಿ ವಾಲ್ವ್ ಕಾಯಿಲಿಗೂ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಇರಲಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. 750-530ರ ಒಂದು ಔಟ್‌ಪುಟ್ ಕೊಡುವುದು ಅರ್ಧ ಆಂಪಿಯರ್. ಅದಕ್ಕಿಂತ ದೊಡ್ಡ ಲೋಡ್ ಇದ್ದರೆ ನಡುವೆ ರಿಲೇ ಬೇಕೇ ಬೇಕು. ಸೆನ್ಸರ್ ಕೊಳ್ಳುವಾಗ ಪಿಎನ್‌ಪಿಯೇ (ಆನ್ ಆದಾಗ ಪ್ಲಸ್ 24 ವೋಲ್ಟ್ ಕೊಡುವಂಥದು) ಕೇಳಿ ತನ್ನಿ. 750-430 ಕಾರ್ಡೂ ರೋಬೋಟಿನ ಇನ್‌ಪುಟ್ಟೂ ಪಿಎನ್‌ಪಿಗೆ ಮಾಡಿದವು. ಎನ್‌ಪಿಎನ್ (ಆನ್ ಆದಾಗ ಮೈನಸ್ಸಿಗೆ ಸೇರಿಸುವಂಥದು) ಹಾಕಿದರೆ ಸೆನ್ಸರಿನ ದೀಪ ಉರಿಯುತ್ತದೆ, ಇನ್‌ಪುಟ್ ಬರುವುದಿಲ್ಲ.

ಐಪಿ ಕೊಡುವುದು ಸುಲಭ. ಕಪ್ಲರಿನ ಡಿಪ್ ಸ್ವಿಚ್‌ಗಳು 192.168.1ರ ಮುಂದಿನ ಕೊನೆಯ ಅಂಕಿಯನ್ನು ನಿಗದಿ ಮಾಡುತ್ತವೆ. 10 ಬೇಕಾದರೆ 2ನೇ ಮತ್ತು 4ನೇ ಸ್ವಿಚ್ ಆನ್ ಮಾಡಿ, ಕರೆಂಟ್ ತೆಗೆದು ಹಾಕಿ. ರೋಬೋಟಿಗೆ 192.168.1.20 ಕೊಡಿ, ಮಾಸ್ಕ್ 255.255.255.0. ಕಪ್ಲರಿಗೆ ಎರಡು ಈಥರ್ನೆಟ್ ಪೋರ್ಟ್ ಇದ್ದು ಒಳಗೇ ಸ್ವಿಚ್ ಇರುವುದರಿಂದ ಲ್ಯಾಪ್‌ಟಾಪನ್ನು ಎರಡನೆಯದಕ್ಕೆ ಚುಚ್ಚಬಹುದು.

ಇನ್ನು ಸಿಗ್ನಲ್‌ಗಳ ಮಾಡ್‌ಬಸ್ ವಿಳಾಸ. ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ರೋಬೋಟಿನ ಸ್ಕ್ರೀನಿನ ತಂತ್ರಾಂಶವಾದ ಪಾಲಿಸ್ಕೋಪಿನ ಇನ್‌ಸ್ಟಾಲೇಷನ್, ಫೀಲ್ಡ್‌ಬಸ್, ಮಾಡ್‌ಬಸ್ ಎಂದು ಹೋಗಿ ಯೂನಿಟ್ ಸೇರಿಸಿದ ಮೇಲೆ ಇನ್‌ಪುಟ್‌ಗಳಿಗೆ 0ಯಿಂದ 15 ಕೊಡಿ. ಔಟ್‌ಪುಟ್‌ಗಳಿಗೆ ಮಾತ್ರ 0 ಬೇಡ, 512ರಿಂದ 527 ಕೊಡಿ. ಕಾರಣ ಇದು: 0ಗೆ ಬರೆದರೆ ವಾಗೋ ಔಟ್‌ಪುಟ್ಟಿಗೇ ಬರೆಯುತ್ತದೆ, ಆದರೆ 0ಯನ್ನು ಓದಿದರೆ ಇನ್‌ಪುಟ್ಟಿನ ಸ್ಥಿತಿಯನ್ನು ಹೇಳುತ್ತದೆ. ಪ್ರೋಗ್ರಾಂ ಇನ್ನೂ ಏನನ್ನೂ ಬರೆಯದಿದ್ದಾಗ ಯುಆರ್ ಆ ವಿಳಾಸವನ್ನು ಓದಿ ತೋರಿಸುತ್ತದೆ. ಬಾಗಿಲಿನ ಸೆನ್ಸರ್ ಆನ್ ಆದಾಗ ಟವರ್ ಲ್ಯಾಂಪ್ ಆನ್ ಎಂದು ಸ್ಕ್ರೀನ್ ಹೇಳುವುದು ಇದಕ್ಕೇ. 512ರಿಂದ ಮೇಲೆ ಓದಿದರೂ ಬರೆದರೂ ಔಟ್‌ಪುಟ್ಟೇ ಸಿಗುತ್ತದೆ. ಇಲ್ಲದ ವಿಳಾಸ ಕೊಟ್ಟರೆ ಸಿಗ್ನಲಿನ ಪಕ್ಕ ದೋಷ 2 ಕಾಣಿಸುತ್ತದೆ.

ವೇಗದ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಯುಆರ್ ಮಾಡ್‌ಬಸ್ ಸಿಗ್ನಲನ್ನು ಮೊದಲೇ ಇಟ್ಟಿರುವ ಮಟ್ಟದಲ್ಲಿ ಸೆಕೆಂಡಿಗೆ 10 ಸಲ ಕೇಳುತ್ತದೆ, ಅಂದರೆ 100 ಮಿಲಿಸೆಕೆಂಡಿಗೊಮ್ಮೆ. ಸೆಕೆಂಡಿಗೆ 300 ಮಿ.ಮೀ. ಓಡುವ ಕನ್ವೇಯರಿನ ಮೇಲೆ ಅಷ್ಟರಲ್ಲಿ ಜಾಬ್ 30 ಮಿ.ಮೀ. ಮುಂದೆ ಹೋಗಿರುತ್ತದೆ. 100 ಮಿಲಿಸೆಕೆಂಡಿಗಿಂತ ಚಿಕ್ಕ ಪಲ್ಸ್ ಬಂದರೆ ಕಾಣದೆಯೇ ಹೋಗಬಹುದು. ಆದ್ದರಿಂದ ಕನ್ವೇಯರ್ ಸೆನ್ಸರ್, ಗ್ರಿಪ್ಪರ್ ಹಿಡಿದದ್ದನ್ನು ಹೇಳುವ ರೀಡ್ ಸ್ವಿಚ್ ಇವನ್ನು ರೋಬೋಟಿನ ಸ್ವಂತ ಟರ್ಮಿನಲ್ಲಿಗೇ ಕೊಡಿ. ಟವರ್ ಲ್ಯಾಂಪ್, ಬಾಗಿಲು ತೆರೆದಿದೆಯೇ ಎಂಬ ಮಾಹಿತಿ, ಕೂಲಂಟ್ ಮಟ್ಟ, ಟ್ರೇ ಇದೆಯೋ ಇಲ್ಲವೋ ಎನ್ನುವಂಥವು ಕಪ್ಲರಿನ ಮೇಲೆ ನೆಮ್ಮದಿಯಾಗಿ ಓಡುತ್ತವೆ.

ಎಮರ್ಜೆನ್ಸಿ ಸ್ಟಾಪ್, ಗಾರ್ಡ್ ಬಾಗಿಲಿನ ಸುರಕ್ಷಾ ಸ್ವಿಚ್, ಲೈಟ್ ಕರ್ಟನ್ ಇವು ಮಾಡ್‌ಬಸ್ ಮೇಲೆ ಖಂಡಿತ ಬೇಡ. ಅವು ಕಂಟ್ರೋಲರಿನ ಹಳದಿ ಟರ್ಮಿನಲ್‌ಗಳಿಗೆ ಎರಡು ಚಾನೆಲ್‌ನಲ್ಲಿ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಕೆಲವು ಸೂಕ್ಷ್ಮಗಳು ಕೈಪಿಡಿ ಓದದವರಿಗೆ ತಡವಾಗಿ ಗೊತ್ತಾಗುತ್ತವೆ. ರಿಜಿಸ್ಟರ್ (16 ಬಿಟ್‌ಗಳ ಒಂದು ಗುಂಪು) ಮೂಲಕ 16 ಬಿಟ್‌ಗಳನ್ನು ಒಂದೇ ಸಲ ಓದುತ್ತಿದ್ದು, ಆಮೇಲೆ ಅನಲಾಗ್ ಕಾರ್ಡ್ ಸೇರಿಸಿದಿರೋ, ರಿಜಿಸ್ಟರ್ ವಿಳಾಸ ಮುಂದೆ ಸರಿಯುತ್ತದೆ. ಕಾರ್ಡನ್ನು ಎಲ್ಲಿ ಸಿಕ್ಕಿಸಿದರೂ ವಾಗೋ ಅನಲಾಗ್ ಡೇಟಾವನ್ನೇ ಮೊದಲಿಡುತ್ತದೆ. ಬಿಟ್ ವಿಳಾಸಗಳು ಮಾತ್ರ ಅಲ್ಲೇ ಇರುತ್ತವೆ.

ಕೇಬಲ್ ಕಿತ್ತರೆ ಏನಾಗುತ್ತದೆ ಎಂಬುದನ್ನು ಉತ್ಪಾದನೆ ಶುರುವಾಗುವ ಮೊದಲೇ ನೋಡಿ. ಕಪ್ಲರಿನ ವಾಚ್‌ಡಾಗ್ (ಸಂಪರ್ಕ ತಪ್ಪಿದರೆ ಔಟ್‌ಪುಟ್‌ಗಳನ್ನು ಸೊನ್ನೆ ಮಾಡುವ ಕಾವಲು ಟೈಮರ್) ಓಡುತ್ತಿರದಿದ್ದರೆ ಔಟ್‌ಪುಟ್‌ಗಳು ಕೊನೆಯ ಸ್ಥಿತಿಯಲ್ಲೇ ನಿಂತುಬಿಡುತ್ತವೆ, ಏರ್ ಬ್ಲೋ ಊದುತ್ತಲೇ ಇರುತ್ತದೆ. ವಾಚ್‌ಡಾಗ್ ಸಮಯವನ್ನು 100 ಮಿಲಿಸೆಕೆಂಡಿನ ಲೆಕ್ಕದಲ್ಲಿ ಕೊಡಬೇಕು, 10 ಎಂದರೆ ಒಂದು ಸೆಕೆಂಡ್. ಅದು ಮುಗಿದ ಮೇಲೆ ಕಪ್ಲರ್ ಎಲ್ಲ ಕೇಳಿಕೆಗೂ ದೋಷ 4 ಎಂದೇ ಉತ್ತರಿಸುತ್ತದೆ, ರೀಸೆಟ್ ಮಾಡಬೇಕು. ಗ್ರಿಪ್ಪರಿಗೆ ಎರಡು ಕಾಯಿಲಿನ 5/2 ವಾಲ್ವ್ (ಐದು ದ್ವಾರ, ಎರಡು ಸ್ಥಾನದ್ದು; ಕರೆಂಟ್ ಹೋದರೂ ಇದ್ದ ಸ್ಥಾನದಲ್ಲೇ ಇರುತ್ತದೆ) ಹಾಕಿದ್ದರೆ ಔಟ್‌ಪುಟ್ ಸೊನ್ನೆಯಾದರೂ ಜಾಬ್ ಕೆಳಗೆ ಬೀಳುವುದಿಲ್ಲ. ಈ ಕಡೆಯ ಕಾರ್ಖಾನೆಗಳ ಗುರುವಾರದ ವಾರದ ರಜೆ ಮುಗಿದು ಮೇನ್ ಸ್ವಿಚ್ ಹಾಕುವ ಬೆಳಗಿಗೂ ಈ ಪರೀಕ್ಷೆ ಒಮ್ಮೆ ಮಾಡಿಡಿ: ಯಾವುದು ಮೊದಲು ಎದ್ದರೂ ಸಿಗ್ನಲ್ ಹಸಿರಾಗಬೇಕು.

ಎಸ್‌ಎಂಪಿಎಸ್, ಡಿನ್ ರೈಲು, ಫೆರೂಲ್, ಡಯೋಡ್ ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತವೆ. ಕಪ್ಲರ್ ಮತ್ತು ಕಾರ್ಡ್‌ಗಳನ್ನು ಅಧಿಕೃತ ವಿತರಕರಿಂದಲೇ ತರಿಸಿ, ಪಟ್ಟಿಯಲ್ಲಿ 750-600 ಬರೆದಿದೆಯೇ ಎಂದು ಎರಡು ಸಲ ನೋಡಿ. ಆ ಪುಟ್ಟ ಎಂಡ್ ಮಾಡ್ಯೂಲ್ ಇಲ್ಲದಿದ್ದರೆ ಮುಂದಿನ ಯಾವ ಕಾರ್ಡೂ ಕೆಲಸ ಶುರುಮಾಡುವುದಿಲ್ಲ.