ಗೋವಾದ ಮಡಗಾಂವ್ ಕಡೆ ಹಳೇ ಹಂಚಿನ ಮನೆ ರಿಪೇರಿ: ನಮ್ಮ ಮೇಸ್ತ್ರಿ ಗ್ಯಾಂಗ್ ಹೇಗೆ ಕೆಲ್ಸ ಮಾಡ್ತು
ಐದಕ್ಕೆ ನಾಲ್ಕು ಸ್ಟಾರ್. ಕಟ್ ಆಗಿರೋ ಒಂದು ಸ್ಟಾರ್ ಬಾತ್‌ರೂಮಿಂದು, ಅದನ್ನ ಆಮೇಲೆ ಹೇಳ್ತೀನಿ.

ಕುರ್ತೋರಿಯಲ್ಲಿರೋ ಅತ್ತೆ ಮನೆ ಪೋರ್ಚುಗೀಸರ ಕಾಲದ್ದು, ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ಮಂಗಳೂರು ಹಂಚು, ಮುಂದೆ ಕೂತು ಹರಟೆ ಹೊಡಿಯೋಕೆ ಬಲ್ಕಾಂವ್ ಅನ್ನೋ ಜಗಲಿ, ಒಂದು ರೂಮಿನ ಕಿಟಕಿಗೆ ಗಾಜಿನ ಬದ್ಲು ಸಮುದ್ರದ ಚಿಪ್ಪು. ಮೊದ್ಲು ಬಂದ ಕಂಟ್ರಾಕ್ಟರು ಹಂಚು ಕಿತ್ತು ಶೀಟ್ ಹಾಕೋಣ, ಗೋಡೆಗೆ ಸಿಮೆಂಟ್ ಬಳಿಯೋಣ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಅಂತ ಒಂದೇ ಉಸಿರಲ್ಲಿ ಹೇಳಿ ಒಂದು ಎಸ್ಟಿಮೇಟ್ ಕೊಟ್ರು, ಅದನ್ನ ನೋಡಿ ನಮ್ಮ ಯಜಮಾನ್ರಿಗೆ ಚಹಾ ಗಂಟಲಲ್ಲಿ ಇಳೀಲಿಲ್ಲ. ಅಷ್ಟು ದುಡ್ಡು ಕೊಟ್ಟು ಮನೆ ಹಾಳು ಮಾಡ್ಸೋದಾ!

ಆಮೇಲೆ ಸಿಕ್ಕಿದ್ದು ಈ ಮೇಸ್ತ್ರಿ. ಬಾಗಲಕೋಟೆ ಕಡೆಯವ್ರು, ಗೋವಾಕ್ಕೆ ಬಂದು ಎಷ್ಟೋ ವರ್ಷ ಆಗಿದೆ. ಬಂದವ್ರೇ ಟೇಪ್ ಹಿಡೀಲಿಲ್ಲ, ಸ್ಕ್ರೂಡ್ರೈವರ್ ತಗೊಂಡು ಏಣಿ ಹತ್ತಿ ಪ್ರತಿ ಪಕಾಸಿಗೂ (ಹಂಚು ಹೊರೋ ಇಳಿಜಾರು ಮರ) ಚುಚ್ಚಿ ನೋಡಿದ್ರು. ಗೋಡೆ ಮೇಲೆ ಕೂರೋ ತುದಿಗಳಷ್ಟೇ ಗೆದ್ದಲು ತಿಂದು ಲಡ್ಡಾಗಿದ್ವು. "ಅಕ್ಕಾರ, ನಡುವಿನ ಕಟಗಿ ಕಬ್ಬಿಣ ಇದ್ಧಂಗ ಐತಿ, ಯಾಕ ಒಗೀತೀರಿ" ಅಂದ್ರು. ಕೆಟ್ಟ ತುದಿ ಕೊಯ್ದು ಹಳೇ ಸಾಗುವಾನಿ ತುಂಡು ಜೋಡಿಸಿ ಬೋಲ್ಟ್ ಹಾಕಿದ್ರು. ದುಡ್ಡು ಉಳಿದಿದ್ದು ಹೆಚ್ಚಾಗಿ ಇಲ್ಲೇ.

ಹಂಚಿನ ಕಥೆ ಕೇಳಿ. ಬಾಸೆಲ್ ಮಿಷನ್‌ನೋರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಫ್ಯಾಕ್ಟರಿ ಶುರು ಮಾಡಿದ ಮೇಲೆ ಆ ಕಡೆ ಎಷ್ಟೋ ಕಂಪನಿ ಹುಟ್ಕೊಂಡ್ವು, ಒಬ್ಬೊಬ್ಬರ ಅಚ್ಚು ಒಂದೊಂಥರ, ನೋಡೋಕೆ ಎಲ್ಲಾ ಒಂದೇ ಅನ್ಸಿದ್ರೂ ಅಂಚಿನ ಗಾಡಿ (ತೋಡು) ಒಂದರೊಳಗೊಂದು ಕೂರಲ್ಲ, ಮಳೆಗಾಲದಲ್ಲಿ ಮನೆಯೊಳಗೇ ಹೊಳೆ. ಅದಕ್ಕೆ ಇವ್ರು ಹಂಚಿನ ಹಿಂದಿನ ಸೀಲ್ ನೋಡಿ ಅದೇ ಕಂಪನಿದು ಬೇಕು ಅಂತ ಹಠ ಹಿಡಿದು, ಕೆಡವಿದ ಮನೆಗಳ ಸಾಮಾನು ಮಾರೋ ಯಾರ್ಡಿಗೆ ನನ್ನನ್ನೂ ಕರ್ಕೊಂಡು ಹೋದ್ರು. ಅಲ್ಲೇ ನಾಲ್ಕು ಹಂಚು ಇಳಿಜಾರಾಗಿ ಜೋಡಿಸಿ ಮೇಲೆ ಒಂದು ಚೆಂಬು ನೀರು ಹುಯ್ದು, ಕೆಳಗೆ ಕೈಯಿಟ್ಟು ನೋಡಿ, ಆಮೇಲೇನೇ ರೇಟ್ ಮಾತು. ಯಾರ್ಡಿನವನ ಮುಖ ನೋಡ್ಬೇಕಿತ್ತು ನೀವು.

ಹಿಂಭಾಗದ ಗೋಡೆಗೆ ಯಾರೋ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿದ್ರು, ಪ್ರತಿ ಮಳೆಗಾಲ ಅದು ಉಬ್ಬಿ ಉದುರ್ತಿತ್ತು. ಚಿರೇಕಲ್ಲು ನೆಲದಿಂದ ತೇವ ಎಳ್ಕೊಳ್ಳತ್ತೆ, ಸುಣ್ಣದ ಗಾರೆ ಆದ್ರೆ ಅದು ಆರಿ ಹೊರಗೆ ಹೋಗತ್ತೆ, ಸಿಮೆಂಟ್ ಅದನ್ನ ಒಳಗೇ ತಡೆಯತ್ತೆ. ಎಲ್ಲಾ ಕೆರೆದು ಸುಣ್ಣದ ಗಾರೆ ಮಾಡಿದ್ರು, ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ ಅಂತ ಸುಣ್ಣನೇ ಹೊಡೆದ್ರು. ಇದು ನಿಧಾನದ ಕೆಲ್ಸ, ತೆಳ್ಳಗೆ ಒಂದೊಂದೇ ಪದರ, ಅರ್ಜೆಂಟ್ ಇರೋರಿಗೆ ಆಗಲ್ಲ.

ಕೆಂಪು ರೆಡ್ ಆಕ್ಸೈಡ್ ನೆಲ ಹಾಗೇ ಇದೆ, ಬಿರುಕಷ್ಟೇ ಮುಚ್ಚಿದ್ದು. ಚಿಪ್ಪಿನ ಕಿಟಕಿಯಲ್ಲಿ ಒಡೆದಿದ್ದಕ್ಕೆ ಬೇರೆ ಮುರಿದ ಬಾಗಿಲಿಂದ ಚಿಪ್ಪು ತೆಗೆದು ಪಟ್ಟಿಯೊಳಗೆ ತೂರಿಸಿದ್ರು, ಸಾಲದೇ ಇದ್ದಲ್ಲಿ ಮಂಜುಗಾಜು. ಹತ್ರ ಹೋಗಿ ನೋಡಿದ್ರೆ ಗೊತ್ತಾಗತ್ತೆ, ಅತ್ತೆಗೆ ಅದೊಂದು ಅಸಮಾಧಾನ.

ಈಗ ಬಾತ್‌ರೂಮು. ಇಳಿಜಾರು ಉಲ್ಟಾ ಕೊಟ್ಟು ನೀರೆಲ್ಲಾ ಬಾಗಿಲ ಕಡೆ ಬರ್ತಿತ್ತು, ಪ್ಲಂಬರ್ ಬೇರೆಯವ್ರನ್ನ ಕರೆಸಿ ಮತ್ತೆ ಒಡೆಸಿದ್ವಿ. ಫೋನ್ ಮೂರ್ನಾಲ್ಕು ಸಲ ಮಾಡಿದ್ರೆ ಒಂದ್ಸಲ ಎತ್ತುತ್ತಾರೆ, ಬಿಲ್ ಅಂದ್ರೆ ಸಿಗರೇಟ್ ಪ್ಯಾಕ್ ಹಿಂದೆ ಬರೆದ ಲೆಕ್ಕ. ಎಲ್ಲಾ ಸೇರಿ ಮೊದಲ ಎಸ್ಟಿಮೇಟಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ ಮುಗೀತು, ಬಾತ್‌ರೂಮು ಎರಡ್ಸಲ ಮಾಡ್ಸಿದ್ದೂ ಸೇರಿ.

ಕರೆಸೋದಾದ್ರೆ ಮರ, ಹಂಚಿನ ಕೆಲ್ಸಕ್ಕೆ ದಿನಗೂಲಿ ಮಾತಾಡಿ, ಗುತ್ತಿಗೆ ಕೊಟ್ರೆ ಯಾರೂ ಪಕಾಸಿ ಚುಚ್ಚಿ ನೋಡ್ತಾ ಕೂರಲ್ಲ. ಗಾರೆಗೆ ಚದರ ಅಡಿ ಲೆಕ್ಕ ಸಾಕು. ದಸರಾ ಮುಗಿದ ಕೂಡ್ಲೇ ಹಿಡ್ಕೊಳ್ಳಿ, ಮೇ ಒಳಗೆ ಹಂಚು ಮೇಲೆ ಕೂರಬೇಕು. ನಲ್ಲಿ, ಕಮೋಡ್ ಕೆಲ್ಸ ಮಾತ್ರ ಇವ್ರ ಕೈಗೆ ಕೊಡ್ಬೇಡಿ ಮಾರಾಯ್ರೇ.