ಮೊದಲನೇ ದಿನವೇ 300 ಬಸ್ಕಿ ಹೊಡೆದು ಆಸ್ಪತ್ರೆ ಸೇರಿದೆ, ನೀವು ಹುಷಾರು

ಜಿಮ್‌ಗೆ ಹೊಸದಾಗಿ ಸೇರೋರು, ವರ್ಷಗಟ್ಲೆ ಬಿಟ್ಟು ಮತ್ತೆ ಶುರು ಮಾಡೋರು ಒಂದ್ಸಲ ಓದ್ಬಿಡಿ. ನಂಗೆ 36 ವರ್ಷ, ಮೈಸೂರು, ಬೆಳಗ್ಗಿಂದ ಸಂಜೆವರೆಗೂ ಕುರ್ಚಿ ಮೇಲೆ ಕೂತು ಮಾಡೋ ಕೆಲಸ, ಕಾಲೇಜು ಬಿಟ್ಮೇಲೆ ಒಂದು ಬಸ್ಕಿ ಹೊಡೆದೋನಲ್ಲ. ಏಪ್ರಿಲ್‌ನಲ್ಲಿ ಮನೆ ಹತ್ರದ ಜಿಮ್‌ಗೆ ಸೇರಿದೆ, ಮೊದಲನೇ ದಿನವೇ ಟ್ರೈನರ್ ಸ್ಕ್ವಾಟ್ ಚಾಲೆಂಜ್ ಅಂತ ಎಲ್ರನ್ನೂ ನಿಲ್ಸಿದ, ನೂರಾಗೋ ಹೊತ್ತಿಗೆ ತೊಡೆ ಗಡಗಡ ಅಂತಿತ್ತು, ಆದ್ರೆ ಪಕ್ಕದಲ್ಲಿ ಚಿಕ್ಕ ಹುಡುಗ್ರು ಹೊಡೀತಾನೇ ಇದ್ರಲ್ಲ, ನಾನ್ಯಾಕೆ ಬಿಡ್ಲಿ ಅಂತ 300 ಮುಗಿಸ್ದೆ.

ಮಾರನೇ ದಿನ ನೋವು, ಅದು ಎಲ್ರಿಗೂ ಬರುತ್ತೆ ಬಿಡಿ. ಎರಡನೇ ದಿನ ಕಮೋಡ್ ಮೇಲೆ ಕೂರೋಕೆ ಚಿಲಕ ಹಿಡ್ಕೋಬೇಕಾಯ್ತು, ತೊಡೆ ಊದ್ಕೊಂಡು ದಿನಾ ಹಾಕೋ ಪ್ಯಾಂಟೇ ಏರ್ಲಿಲ್ಲ. ಟ್ರೈನರ್‌ಗೆ ಫೋನ್ ಮಾಡಿದ್ರೆ "ಲ್ಯಾಕ್ಟಿಕ್ ಆಸಿಡ್ ಸರ್ ಅದು, ನೋವು ಬಂದ್ರೇನೇ ಬಾಡಿ ಬರೋದು, ಪೇನ್‌ಕಿಲ್ಲರ್ ತಗೊಂಡು ಬನ್ನಿ, ಇನ್ನೊಂದು ರೌಂಡ್ ಹೊಡೆದ್ರೆ ಸಡಿಲ ಆಗುತ್ತೆ" ಅಂದ. ಪುಣ್ಯಕ್ಕೆ ಮೆಟ್ಲು ಇಳಿಯೋಕೇ ಆಗ್ಲಿಲ್ಲ, ಹೋಗ್ಲಿಲ್ಲ. ಮಾತ್ರೆ ಮಾತ್ರ ಎರಡು ನುಂಗಿದೆ. ಮೂರನೇ ದಿನ ಬೆಳಗ್ಗೆ ನೋಡಿದ್ರೆ ಮೂತ್ರ ಹಾಲು ಹಾಕದ ಡಿಕಾಕ್ಷನ್ ಬಣ್ಣ! ಹೆಂಡ್ತಿ ಉಷ್ಣ ಆಗಿರ್ಬೇಕು ಅಂತ ಎಳನೀರು ತರ್ಸಿದ್ಲು, ಅದೂ ಕುಡಿದೆ.

ಆಸ್ಪತ್ರೇಲಿ ಮೂತ್ರಕ್ಕೆ ಅದ್ದೋ ಟೆಸ್ಟ್ ಪಟ್ಟೀಲಿ ರಕ್ತ ಇದೆ ಅಂತ ಬಂತು, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೆಂಪು ರಕ್ತಕಣವೇ ಇಲ್ಲ. ಡಾಕ್ಟರ್‌ಗೆ ಅಲ್ಲೇ ಅನುಮಾನ ಬಂದು ಸಿಪಿಕೆ ಅಂತ, ಸ್ನಾಯು ಎಷ್ಟು ಒಡೆದಿದೆ ಅಂತ ತೋರ್ಸೋ ರಕ್ತ ಪರೀಕ್ಷೆ ಬರೆದ್ರು, ಸಾಮಾನ್ಯವಾಗಿ 200ರ ಆಸುಪಾಸು ಇರ್ಬೇಕಾದ್ದು ನಂದು 41,000. ರಾಬ್ಡೊಮಯೊಲೈಸಿಸ್ ಅಂತೆ. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರುತ್ತೆ (ಪಟ್ಟಿ ರಕ್ತ ಅಂತ ತೋರ್ಸಿದ್ದು ಇದನ್ನೇ), ಅದನ್ನ ಸೋಸೋಕೆ ಹೋಗಿ ಕಿಡ್ನಿ ಹಾಳಾಗುತ್ತೆ, ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ಮಾತ್ರೆ ಅದೇ ಟೈಮಲ್ಲಿ ಕಿಡ್ನಿಗೆ ಹೋಗೋ ರಕ್ತವನ್ನೂ ಕಮ್ಮಿ ಮಾಡುತ್ತೆ. ಎಳನೀರಿಗೂ ಬೈಸ್ಕೊಂಡೆ, ಒಡೆದ ಸ್ನಾಯುವಿಂದ ಆಗ್ಲೇ ಪೊಟ್ಯಾಸಿಯಂ ಸುರೀತಿರುತ್ತೆ, ಮೇಲಿಂದ ಎಳನೀರಲ್ಲೂ ಅದೇ, ಜಾಸ್ತಿ ಆದ್ರೆ ಹೃದಯಕ್ಕೇ ಕುತ್ತು. ನಾಲ್ಕು ದಿನ ಸಲೈನ್, ಹೊಯ್ದಿದ್ದನ್ನೆಲ್ಲ ಜಾರಲ್ಲಿ ಅಳೆದು ಬರ್ಕೊಳ್ಳೋರು. ಕಿಡ್ನಿ ಹೇಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ 1.8ಕ್ಕೆ ಏರಿ ಇಳೀತು, ಡಯಾಲಿಸಿಸ್ ತಪ್ಪಿತು.

ಇನ್ನು ಆ ಲ್ಯಾಕ್ಟಿಕ್ ಆಸಿಡ್ ಕಥೆ ಬರೀ ಬುರುಡೆ, ಅದು ಒಂದೆರಡು ಗಂಟೇಲೇ ರಕ್ತದಿಂದ ಖಾಲಿ ಆಗುತ್ತೆ, ಮಾರನೇ ದಿನದ ನೋವು ಸ್ನಾಯುವಿಗೆ ಬಿದ್ದ ಪೆಟ್ಟಿಂದು. ತೊಡೆ, ತೋಳು ಊದ್ಕೊಂಡು ಶಕ್ತಿನೇ ಇಲ್ದಂಗಾಗಿ ಮೂತ್ರ ಕಪ್ಪಾದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ, ಎಷ್ಟು ವರ್ಕೌಟ್ ಮಾಡಿದ್ರಿ, ಏನ್ ಮಾತ್ರೆ ತಗೊಂಡ್ರಿ ಎಲ್ಲಾ ಹೇಳಿ, ಸಿಪಿಕೆ ಮಾಡಿಸ್ಬೇಕಾ ಅಂತ ಕೇಳಿ.

ನೋಡೋಕೆ ಬಂದ ಚಿಕ್ಕಪ್ಪ ಗರಡಿ ಮನೇಲಿ ಸಾಮು ಮಾಡಿದೋರು, ಒಂದು ಕಾಲಕ್ಕೆ ದಿನಕ್ಕೆ 500 ಬಸ್ಕಿ. "ಅಲ್ಲಾ ಕಣೋ, ನಮ್ಮ ಉಸ್ತಾದ್ರು ಮೊದಲನೇ ವಾರ ಇಪ್ಪತ್ತರ ಮೇಲೆ ಒಂದು ಹೊಡೆದ್ರೂ ಬೆತ್ತ ತಗೋತಿದ್ರು" ಅಂದ್ರು. ಈಗ ಎರಡು ತಿಂಗಳಾದ್ಮೇಲೆ ಡಾಕ್ಟರ್ ಕೇಳಿ ಹತ್ತರಿಂದ ಶುರು ಮಾಡಿದೀನಿ. ಚಿಕ್ಕಪ್ಪನೇ ಪಕ್ಕ ನಿಂತು ಎಣಿಸ್ತಾರೆ, ಹನ್ನೊಂದಕ್ಕೆ ಬಿಡಲ್ಲ.